ರಿಪೇರಿಗೆ ಕೊಟ್ಟ ಅಪ್ಪ

ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ, ಎರಡನೆಯ ಸಾಲು, ಎಡಗಡೆಯಿಂದ ಮೂರನೆಯದು. ಆ ವಾಚು ಇವತ್ತೂ ಅಲ್ಲೇ ಇತ್ತು. ಸದ್ಯ ಇದೆಯಲ್ಲ ಎಂದು ಅವನಿಗೆ ಸಮಾಧಾನವಾಯಿತು. ಇವತ್ತೂ ಯಾರೂ ಕೊಂಡುಹೋಗಲಿಲ್ಲವಲ್ಲ ಎಂದು ಅಷ್ಟೇ ಬೇಜಾರೂ ಆಯಿತು. ಯಾವನಾದರೂ ಪುಣ್ಯಾತ್ಮ ಎತ್ತಿಕೊಂಡು ಹೋಗಿದ್ದರೆ ಪೀಡೆ ತೊಲಗುತ್ತಿತ್ತು, ಡೈರೆಕ್ಟರ ಎದುರು ಮುಖ ಬಾಡಿಸಿಕೊಂಡು ನಿಂತು ಕಳೆದುಹೋಯಿತು ಸಾರ್ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಹದಿನೇಳು ದಿನಗಳಿಂದ ಅವನು ಆಫೀಸಿಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಈ ಗಾಜಿನ ಮುಂದೆ ನಿಲ್ಲುತ್ತಿದ್ದ. ಒಳಗೆ ಕೂತ ರಿಪೇರಿಯವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ಬಗ್ಗಿಸಿಯೇ ಇರುತ್ತಿದ್ದ. ಆ ಕಣ್ಣು ಕೆಲಸದ ಮೇಲಿದ್ದರೂ ಇನ್ನೊಂದು ಕಣ್ಣು ತನ್ನ ಮೇಲಿದೆ ಎಂದು ಇವನಿಗೆ ಅನುಮಾನ. ದಿನಾ ಕೀಲಿ ಕೊಡಬೇಕಾದ ಹಳೆಯ ಕಾಲದ ವಾಚು ಅದು. ಒಂದಾನೊಂದು ಕಾಲಕ್ಕೆ ಬೆಳ್ಳಗಿದ್ದ ಅದರ ಮುಖ ಈಗ ಚಹಾ ಚೆಲ್ಲಿ ಒಣಗಿದ ಕಾಗದದ ಹಾಗಿತ್ತು. ಎಂಟರ ಅಂಕಿ ಅರ್ಧ ಅಳಿಸಿತ್ತು, ಸೆಕೆಂಡಿನ ಮುಳ್ಳು ಇರಲೇ ಇಲ್ಲ, ಉಳಿದ ಎರಡು ಮುಳ್ಳುಗಳು ಯಾವ ಜನ್ಮದಲ್ಲೋ ನಾಲ್ಕೂ ಇಪ್ಪತ್ತಕ್ಕೆ ನಿಂತುಬಿಟ್ಟಿದ್ದವು. ಇದಕ್ಕೆ ಕಟ್ಟಿದ ಚೀಟಿಯಲ್ಲಿದ್ದ ಬೆಲೆಗೆ ಹೊಸ ವಾಚು ಹತ್ತು ಬರುತ್ತಿದ್ದವು. ಆದರೆ ಹೊಸ ವಾಚು ಅಪ್ಪನದಾಗುವುದು ಹೇಗೆ?

ಅಪ್ಪನ ಮಾತು ಬಂದದ್ದು ಬಾಯಿ ತಪ್ಪಿ. ಅವನು ನೀರು ಸರಬರಾಜು ಮಂಡಳಿಯ ಕೇಂದ್ರ ಕಚೇರಿಯಲ್ಲಿ ಸಿಬ್ಬಂದಿ ವಿಭಾಗದ ಸೂಪರಿಂಟೆಂಡೆಂಟು. ಹಾಜರಿ ಪುಸ್ತಕ ಅವನ ಕೈಯಲ್ಲಿ. ಕಚೇರಿ ಹತ್ತಕ್ಕೆ, ಹದಿನೈದು ನಿಮಿಷ ವಿನಾಯಿತಿ, ಹತ್ತೂಕಾಲಿಗೆ ಸರಿಯಾಗಿ ಅವನು ಬಾಗಿಲ ಬಳಿಯ ಮೇಜಿನಿಂದ ಪುಸ್ತಕ ಎತ್ತಿಕೊಂಡು ತನ್ನ ಕೋಣೆಗೆ ಹೋಗಿಬಿಡುತ್ತಿದ್ದ. ಆಮೇಲೆ ಬಂದವರು ಸಹಿ ಹಾಕಬೇಕೆಂದರೆ ಅವನ ಎದುರು ಹೋಗಿ ನಿಲ್ಲಬೇಕು. ಬೈಯುವ ಸ್ವಭಾವ ಅವನದಲ್ಲ. ಬಂದವರನ್ನು ಒಂದು ನಿಮಿಷ ನಿಲ್ಲಿಸಿ, ಆಗಲೇ ಓದಿ ಮುಗಿಸಿದ ಫೈಲನ್ನು ಮತ್ತೆ ಓದಿ, ಆಮೇಲೆ ನಿಧಾನಕ್ಕೆ ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಅವನ ಕೆಂಪು ಗೆರೆ ಯಾರನ್ನೂ ಬಿಟ್ಟಿರಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಓಡಿಬಂದ ಟೈಪಿಸ್ಟಿಗೂ ಎಳೆದಿದ್ದ, ತಾನೇ ಶಿಫಾರಸು ಮಾಡಿ ಸೇರಿಸಿದ್ದ ಹೆಂಡತಿಯ ತಮ್ಮನಿಗೂ ಎಳೆದಿದ್ದ. ಹತ್ತೂಕಾಲು ಎಂದು ಅವನಿಗೆ ಅಡ್ಡಹೆಸರು ಬಿದ್ದಿತ್ತು. ಕಾರಿಡಾರಿನಲ್ಲಿ ಹತ್ತೂಕಾಲು ಬಂತು ಎಂಬ ಪಿಸುಮಾತು ಕಿವಿಗೆ ಬಿದ್ದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ. ಎಲ್ಲರೂ ಮನುಷ್ಯರು, ತಾನು ಮಾತ್ರ ಗಂಟೆ ಎಂಬುದು ಸಣ್ಣ ವಿಷಯವೇ?

ಹೊಸ ಡೈರೆಕ್ಟರು ಬಂದು ಮೂರು ತಿಂಗಳಾಗಿತ್ತು. ಅವರಿಗೆ ಹಳೇ ವಾಚಿನ ಹುಚ್ಚು. ವಾರಕ್ಕೆ ಏಳು ದಿನ, ಏಳು ವಾಚು, ಒಂದೊಂದಕ್ಕೂ ಒಂದೊಂದು ವಂಶಾವಳಿ. ಸೋಮವಾರದ್ದು ಅವರ ತಾತನದು, ಬುಧವಾರದ್ದು ತಾತನ ಮೇಲಧಿಕಾರಿಯದು, ಶುಕ್ರವಾರದ್ದು ಹಡಗಿನಲ್ಲಿ ಎರಡು ಸಲ ಭೂಮಿ ಸುತ್ತಿ ಬಂದದ್ದು. ಸೋಮವಾರದ ಮೀಟಿಂಗಿನಲ್ಲಿ ನೀರಿನ ಮಾತಿಗಿಂತ ಮೊದಲು ವಾಚಿನ ಮಾತು. ಅಂಥ ಒಂದು ಮೀಟಿಂಗಿನಲ್ಲಿ ಅವರ ದೃಷ್ಟಿ ಇವನ ಮಣಿಕಟ್ಟಿನ ಮೇಲೆ ಬಿತ್ತು. ಅಲ್ಲಿದ್ದದ್ದು ಪ್ಲಾಸ್ಟಿಕ್ಕಿನ ಸೆಲ್ ವಾಚು, ಸೆಕೆಂಡಿಗೆ ಸೆಕೆಂಡು ಸರಿಯಾಗಿ ನಡೆಯುವಂಥದ್ದು, ಸೋಪಿನ ಪುಡಿಯ ಪೊಟ್ಟಣಕ್ಕೆ ಉಚಿತವಾಗಿ ಬಂದದ್ದು. ಸಮಯವನ್ನು ಇಷ್ಟು ಪ್ರೀತಿಸುವ ಮನುಷ್ಯ ಇಂಥದ್ದನ್ನು ಕಟ್ಟಬಹುದೇ ಎಂದು ಡೈರೆಕ್ಟರು ಇಂಜಿನಿಯರುಗಳ ಕಡೆ ನೋಡಿ ನಕ್ಕರು. ಇಂಜಿನಿಯರುಗಳೂ ನಕ್ಕರು. ಅವನ ಕಿವಿ ಬಿಸಿಯಾಯಿತು, ಕೈ ತಾನಾಗಿ ಮೇಜಿನ ಕೆಳಗೆ ಹೋಯಿತು, ನಾಲಿಗೆಯೂ ತಾನಾಗಿಯೇ ಆಡಿತು. ಇದು ಸುಮ್ಮನೆ ಸಾರ್, ನಿಜವಾದದ್ದು ರಿಪೇರಿಗೆ ಕೊಟ್ಟಿದೀನಿ, ನಮ್ಮಪ್ಪಂದು ಎಂದುಬಿಟ್ಟ. ನಗು ಗಪ್ಪನೆ ನಿಂತಿತು. ಡೈರೆಕ್ಟರು ಮುಂದಕ್ಕೆ ಬಾಗಿ, ಇವನು ನೌಕರಿಗೆ ಸೇರಿದಾಗಿನಿಂದ ಯಾವ ಡೈರೆಕ್ಟರೂ ಕೇಳದಷ್ಟು ಮರ್ಯಾದೆಯಿಂದ, ತಂದೆಯವರದಾ ಎಂದು ಕೇಳಿದರು. ಹೌದು ಸಾರ್ ಎಂದ. ಆ ಮರ್ಯಾದೆಯ ರುಚಿ ನಾಲಿಗೆಯ ಮೇಲೆ ಎರಡು ದಿನ ಇತ್ತು.

ಮೂರನೆಯ ದಿನ ತಿಳಿಯಿತು, ಕಚೇರಿಗೆ ಹೆಬ್ಬೆಟ್ಟಿನ ಯಂತ್ರ ಬರುತ್ತಿದೆ ಎಂದು. ಇನ್ನು ಮೇಲೆ ಹಾಜರಿ ಪುಸ್ತಕವಿಲ್ಲ, ಕೆಂಪು ಪೆನ್ನಿಲ್ಲ, ಎದುರಿಗೆ ಬಂದು ನಿಲ್ಲುವವರಿಲ್ಲ. ಗೋಡೆಗೆ ಹಾಕಿದ ಡಬ್ಬಿಗೆ ಹೆಬ್ಬೆಟ್ಟು ಒತ್ತಿದರೆ ಅದೇ ಎಲ್ಲ ಬರೆದುಕೊಳ್ಳುತ್ತದೆ. ಅದನ್ನು ಅವನು ಪೂರ್ತಿ ಅರಗಿಸಿಕೊಳ್ಳುವ ಮೊದಲೇ ಡೈರೆಕ್ಟರು ಕರೆಸಿ ಕೂರಿಸಿಕೊಂಡರು. ಒಂದನೇ ತಾರೀಖು ಯಂತ್ರದ ಉದ್ಘಾಟನೆ, ಮೊದಲ ಹೆಬ್ಬೆಟ್ಟು ನಿಮ್ಮದು, ಕೈಯಲ್ಲಿ ತಂದೆಯವರ ವಾಚು ಇರಲಿ, ಹಳೆಯ ಕಾಲ ಹೊಸ ಕಾಲಕ್ಕೆ ಕೈ ಕೊಡಲಿ ಎಂದರು. ಅಷ್ಟಕ್ಕೇ ಬಿಡದೆ, ನಾನು ಭಾಷಣದಲ್ಲಿ ಹೇಳಬೇಕು, ತಂದೆಯವರ ಬಗ್ಗೆ ನಾಲ್ಕು ಸಾಲು ಬರೆದುಕೊಡಿ ಎಂದೂ ಹೇಳಿದರು. ಅಂದಿನಿಂದ ಅವನ ಬೆಳಗು ಬೈಗುಗಳು ಈ ಗಾಜಿನ ಮುಂದೆ ಕಳೆಯುತ್ತಿದ್ದವು.

ಹದಿನೇಳನೆಯ ದಿನ ಸಂಜೆ ರಿಪೇರಿಯವನು ತಲೆ ಎತ್ತದೆಯೇ ಒಳಗೆ ಬನ್ನಿ ಸ್ವಾಮಿ, ಗಾಜು ಸವೆದುಹೋಗುತ್ತೆ ಎಂದ. ಅವನು ಒಳಗೆ ಹೋಗಿ, ಬೇರೆ ಯಾರದೋ ಪರವಾಗಿ ವಿಚಾರಿಸುವವನ ಹಾಗೆ, ಇದು ಸರಿಯಾಗುತ್ತದೆಯೇ ಎಂದು ಕೇಳಿದ. ಆಗದ ವಾಚು ಯಾವುದೂ ಇಲ್ಲವೆಂದೂ, ಹೇಗೆ ಆಗಬೇಕು ಎನ್ನುವುದೇ ಪ್ರಶ್ನೆಯೆಂದೂ ಆತ ಹೇಳಿದ. ಮುಖಕ್ಕೆ ಹೊಸ ಬಣ್ಣ ಹಾಕಿಸಬಹುದು, ಅಂಕಿ ಬರೆಸಬಹುದು, ಕವಚ ಉಜ್ಜಿ ಫಳಫಳ ಮಾಡಬಹುದು. ಆದರೆ ಹಾಗೆ ಮಾಡಿದ ವಾಚು ಮೀಸೆಗೆ ಕಪ್ಪು ಹಚ್ಚಿಕೊಂಡ ಮುದುಕನ ಹಾಗೆ ಕಾಣುತ್ತದೆ, ತಿಳಿದವರು ಒಂದೇ ನೋಟಕ್ಕೆ ಹಿಡಿದುಬಿಡುತ್ತಾರೆ. ತಿಳಿದವರು ಎಂದ ಕೂಡಲೇ ಇವನಿಗೆ ಡೈರೆಕ್ಟರ ಕಣ್ಣು ನೆನಪಾಯಿತು. ಹಾಗಾದರೆ ಮುಖ ಹೀಗೇ ಇರಲಿ ಎಂದ. ಸೆಕೆಂಡಿನ ಮುಳ್ಳು ಹಾಕಿ, ಆದರೆ ಹೊಸದು ಬೇಡ, ಹಳೆಯದು ಹಾಕಿ. ಗಾಜು ಬದಲಾಯಿಸಿ, ಆದರೆ ಬದಲಾಯಿಸಿದಂತೆ ಕಾಣಬಾರದು. ಪಟ್ಟಿ ಗಟ್ಟಿಯಿರಬೇಕು, ಆದರೆ ಬೆವರಿನ ಕಲೆ ಇದ್ದರೆ ಒಳ್ಳೆಯದು. ರಿಪೇರಿಯವನು ಕಣ್ಣಿನಿಂದ ಭೂತಗನ್ನಡಿ ತೆಗೆದ. ತೆಗೆದ ಮೇಲೆ ನೋಡಿದರೆ ಅವನ ಆ ಕಣ್ಣು ಸಣ್ಣದು, ಸುತ್ತ ಒಂದು ಗುಂಡನೆಯ ಗೆರೆ.

"ಯಾರಿಗೆ ಸ್ವಾಮಿ, ಅಪ್ಪಂಗೋ ತಾತಂಗೋ?"

ಆತ ಮುಂದುವರಿಸಿದ, ತಮಾಷೆ ಮಾಡುವ ದನಿಯೇ ಅಲ್ಲ, ತರಕಾರಿಯ ದರ ಹೇಳುವ ದನಿ. "ನನ್ನಂಗಡೀಲಿ ಯಾರೂ ವಾಚು ಕೊಳ್ಳಲ್ಲ ಸ್ವಾಮಿ. ಅಪ್ಪ ಕೊಳ್ತಾರೆ, ತಾತ ಕೊಳ್ತಾರೆ. ಹೋದ ವರ್ಷ ಒಬ್ರು ದೊಡ್ಡ ಮನುಷ್ರು ಬಂದು ತಾತನ್ನ ತಗೊಂಡೋದ್ರು. ವಾರ ಬಿಟ್ಟು ಬಂದು, ತಾತ ಹಡಗಲ್ಲಿದ್ರು, ಅದಕ್ಕೊಂದು ಬೇರೆ ಬೇಕು ಅಂದ್ರು. ಅದನ್ನೂ ಕೊಟ್ಟೆ."

ಹಡಗು ಎಂದ ಕೂಡಲೇ ಇವನಿಗೆ ಶುಕ್ರವಾರ ನೆನಪಾಯಿತು. ಆದರೆ ಊರಲ್ಲಿ ಹಡಗು ಹತ್ತಿದವರು ಒಬ್ಬರೇ ಇರುತ್ತಾರೆಯೇ ಎಂದು ಆ ಯೋಚನೆಯನ್ನು ಅಲ್ಲಿಗೇ ಅದುಮಿಬಿಟ್ಟ. ದೊಡ್ಡವರ ಬಗ್ಗೆ ಹಾಗೆಲ್ಲ ಯೋಚಿಸುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ನನ್ನದು ಹಾಗಲ್ಲ, ನಮ್ಮಪ್ಪನ ಹತ್ತಿರ ಇಂಥದ್ದೇ ಇತ್ತು, ಕಳೆದುಹೋಯಿತು, ಅದರ ನೆನಪಿಗೆ ಎಂದು ಹೊಸ ಸುಳ್ಳೊಂದನ್ನು ಹಳೆಯದರ ಪಕ್ಕದಲ್ಲಿಟ್ಟ. ರಿಪೇರಿಯವನು ಹೂಂ ಎಂದು ಮತ್ತೆ ಭೂತಗನ್ನಡಿ ಸಿಕ್ಕಿಸಿಕೊಂಡ. ನಾಳೆ ಹೇಳುತ್ತೇನೆ ಎಂದು ಇವನು ಹೊರಗೆ ಬಂದ.

ಮನೆಯಲ್ಲಿ ಹೆಂಡತಿ ಬೆಲೆ ಕೇಳಿ ಮೊದಲು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಆಮೇಲೆ ಅದು ತಮಾಷೆಯಲ್ಲವೆಂದು ತಿಳಿದು ನಗು ನಿಲ್ಲಿಸಿದಳು. ಓಡದ ವಾಚಿಗೆ ಅರ್ಧ ತಿಂಗಳ ಸಂಬಳವೇ? ಮನೆಯಲ್ಲಿ ನಾಲ್ಕು ಗಡಿಯಾರ ಇದ್ದಾವೆ, ನಾಲ್ಕಕ್ಕೂ ನೀವೇ ಮೇಷ್ಟ್ರು, ಐದನೆಯದು ಯಾತಕ್ಕೆ ಎಂದಳು. ಅವನು ಆಫೀಸಿನ ಕತೆಯನ್ನು ಅರ್ಧಂಬರ್ಧ ಹೇಳಿದ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿದಳು. ಹೇಳಿ ಮುಗಿಸಿದ ಮೇಲೆ ಅವಳು ಬೈಯಲಿ ಎಂದು ಕಾದ. ಬೈದಿದ್ದರೆ ಜಗಳವಾಡಿ ಆ ಜಗಳದ ನೆಪದಲ್ಲಿ ಏನಾದರೊಂದು ತೀರ್ಮಾನ ಮಾಡಿಕೊಳ್ಳಬಹುದಿತ್ತು.

"ಮಾವ ವಾಚು ಕಟ್ಟಿದ್ದು ನಾನಂತೂ ನೋಡಿಲ್ಲ," ಎಂದಳು. "ಗೋಡೆ ಗಡಿಯಾರದ ಎದುರೇ ಕೂತಿರೋರು, ಆದ್ರೂ ನನ್ನ ಕರೆದು ಗಂಟೆ ಎಷ್ಟಮ್ಮ ಅಂತ ಕೇಳೋರು. ಎದುರಿಗೇ ಇದೆಯಲ್ಲ ಮಾವ ಅಂದ್ರೆ, ಮರೆವು ಕಣಮ್ಮ ಅನ್ನೋರು. ಪಾಪ, ಬಲೇ ಮರೆವು ಅವರಿಗೆ."

ಮದುವೆಯಾಗಿ ಇಪ್ಪತ್ಮೂರು ವರ್ಷವಾದರೂ ಅವನು ಅವಳಿಗೆ ಹೇಳದೆ ಉಳಿಸಿಕೊಂಡದ್ದು ಆ ಮರೆವಿನ ಕತೆಯೊಂದೇ. ಊಟದ ತಟ್ಟೆಯ ಮುಂದೆ ಕೂತು, ಪಕ್ಕದಲ್ಲಿ ಡೈರೆಕ್ಟರಿಗೆ ಬರೆದುಕೊಡಬೇಕಾದ ಕಾಗದ ಇಟ್ಟುಕೊಂಡು, ನಮ್ಮ ತಂದೆಯವರು ಎಂದು ಬರೆದು ಪೆನ್ನು ನಿಲ್ಲಿಸಿದ. ನಮ್ಮ ತಂದೆಯವರು ಶಾಲೆಯ ಜವಾನರು. ವರಾಂಡದ ತೊಲೆಗೆ ಜೋತುಬಿಟ್ಟ ಕಬ್ಬಿಣದ ಕಂಬಿಯ ತುಂಡು, ಅದರ ಕೆಳಗೆ ಅಪ್ಪ, ಕೈಯಲ್ಲಿ ಸುತ್ತಿಗೆ. ಹೆಡ್ಮಾಸ್ಟರ ಕೋಣೆಯ ಕಿಟಕಿಯಿಂದ ಗೋಡೆಯ ಗಡಿಯಾರ ನೋಡುವುದು, ನಾಲ್ಕು ಹೆಜ್ಜೆ ಬಂದು ಹೊಡೆಯುವುದು. ಆ ಶಾಲೆಯಲ್ಲಿ ಅಪ್ಪ ಹೊಡೆದಾಗಲೇ ಹೊತ್ತು. ಹೊಡೆದು ಹೊಡೆದು ಅವನ ಎಡಗಿವಿ ಮಂದವಾಗಿತ್ತು, ಮಗನ ಮಾತನ್ನೆಲ್ಲ ಬಲಗಿವಿಯಿಂದ ಕೇಳುತ್ತಿದ್ದ. ಮಗನಿಗೆ ಅಲ್ಲೇ ಶಾಲೆಯ ಕೊನೆಯ ವರ್ಷದ ಪರೀಕ್ಷೆ, ಕೊನೆಯ ದಿನ, ಗಣಿತ. ಕೊನೆಯ ಲೆಕ್ಕಕ್ಕೆ ಎಂಟು ಅಂಕ. ಹುಡುಗನ ಕೈ ಬೆವತು ಪೆನ್ನು ಜಾರುತ್ತಿದೆ, ಇನ್ನೇನು ಗಂಟೆಯಾಗುತ್ತದೆ, ಮೈಯೆಲ್ಲ ಕಿವಿಯಾಗಿದೆ, ಗಂಟೆಯಾಗುತ್ತಿಲ್ಲ. ಮುಂದಿನ ಸಾಲಿನಲ್ಲಿ ಮೇಷ್ಟ್ರು ತಮ್ಮ ವಾಚು ನೋಡಿಕೊಂಡರು, ಅಲ್ಲಾಡಿಸಿದರು, ಕಿವಿಗೆ ಹಿಡಿದರು. ಗಂಟೆ ಹೊಡೆದಿಲ್ಲ ಎಂದ ಮೇಲೆ ತಮ್ಮ ವಾಚೇ ಮುಂದಿರಬೇಕೆಂದು ಮುಳ್ಳನ್ನು ಹಿಂದಕ್ಕೆ ತಿರುಗಿಸಿಕೊಂಡರು. ಹುಡುಗ ಲೆಕ್ಕ ಮುಗಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದು, ಪೆನ್ನಿಗೆ ಮುಚ್ಚಳ ಹಾಕಿ ತಲೆ ಎತ್ತಿದ. ಕಿಟಕಿಯಾಚೆ ವರಾಂಡದಲ್ಲಿ ಅಪ್ಪ ಸುತ್ತಿಗೆ ಹಿಡಿದು ನಿಂತು ಇವನನ್ನೇ ನೋಡುತ್ತಿದ್ದ. ಮುಚ್ಚಳ ಹಾಕಿದ್ದು ನೋಡಿ ಅತ್ತ ತಿರುಗಿದ. ಗಂಟೆಯಾಯಿತು. ಆರು ನಿಮಿಷ ತಡ.

ಆರು ನಿಮಿಷ ಎಂದು ಗೊತ್ತಾದದ್ದು ಶಾಲೆಯ ಗೇಟಿನ ಬಳಿ ಮಗನನ್ನು ಕರೆದೊಯ್ಯಲು ಬಂದಿದ್ದ ಮರದ ವ್ಯಾಪಾರಿಯಿಂದ; ಅವನ ಕೈಯಲ್ಲಿ ವಾಚಿತ್ತು, ಅವನ ಮಗ ಆಗಲೇ ಕಾಗದ ಕೊಟ್ಟು ಹೊರಗೆ ಬಂದಿದ್ದ. ದೂರು ಹೆಡ್ಮಾಸ್ಟರವರೆಗೆ ಹೋಯಿತು. ಹೆಡ್ಮಾಸ್ಟರ ಕೋಣೆಯಲ್ಲಿ ಅಪ್ಪ ಗೋಡೆಯ ಪಕ್ಕ, ಹುಡುಗ ಮೇಜಿನ ಎದುರು. ನಿನಗೋಸ್ಕರ ಗಂಟೆ ನಿಲ್ಲಿಸಿದನೇನೋ, ನಿಜ ಹೇಳು, ಹೇಳದಿದ್ದರೆ ಪರೀಕ್ಷೆ ರದ್ದು ಎಂದು ಹೆಡ್ಮಾಸ್ಟರು ಕೇಳಿದರು. ಹುಡುಗ ಅಪ್ಪನ ಕಡೆ ನೋಡಲಿಲ್ಲ. ನನಗೇನೂ ಗೊತ್ತಿಲ್ಲ ಸಾರ್, ಅವರು ಯಾವಾಗಲೂ ಹೀಗೇ, ಮರೀತಿರ್ತಾರೆ ಎಂದ. ಆಮೇಲೆ ಗೋಡೆಯ ಪಕ್ಕದಿಂದ, ಹೌದು ಸಾರ್, ಮರೆವು ಎಂದು ಅಪ್ಪನ ದನಿ ಬಂತು. ಹತ್ತೊಂಬತ್ತು ವರ್ಷ ಒಂದು ಪೀರಿಯಡ್ಡೂ ತಪ್ಪಿಸದ ಮನುಷ್ಯ ತನಗೆ ಮರೆವಿನ ರೋಗವಿದೆಯೆಂದು ಬರೆದ ಕಾಗದಕ್ಕೆ ಸಹಿ ಹಾಕಿದ. ಗಂಟೆಯನ್ನು ಬೇರೆಯವನಿಗೆ ಕೊಟ್ಟು ಅಪ್ಪನಿಗೆ ನೀರು ತುಂಬುವ ಕೆಲಸ ಕೊಟ್ಟರು. ಇನ್ನು ಹದಿಮೂರು ವರ್ಷ ಕೊಡ ಹೊತ್ತುಕೊಂಡೇ ಬೇರೆಯವನು ಹೊಡೆದ ಗಂಟೆ ಕೇಳಿದ. ಮಗನಿಗೆ ಮೂರೇ ಅಂಕದ ಅಂತರದಲ್ಲಿ ಮೊದಲ ದರ್ಜೆ ಬಂತು, ಮೊದಲ ದರ್ಜೆಯಿಂದ ನೌಕರಿ ಬಂತು, ನೌಕರಿಯಿಂದ ಕೆಂಪು ಪೆನ್ನು ಬಂತು. ಅಪ್ಪ ಆಮೇಲೆ ಮನೆಯಲ್ಲೂ ಮರೆಯತೊಡಗಿದ. ಕೊಡೆ ಮರೆತ, ಚಪ್ಪಲಿ ಮರೆತ. ಒಂದು ದಿನವೂ ಆ ಮಾತು ಎತ್ತಲಿಲ್ಲ. ಮೊದಲ ಸಂಬಳದಲ್ಲಿ ಇವನು, ನಿಂಗೊಂದು ವಾಚು ತರ್ಲಾ ಅಪ್ಪ ಎಂದು ಕೇಳಿದಾಗ ನಕ್ಕು, ನಂಗ್ಯಾಕೋ, ಎಲ್ಲಾದ್ರೂ ಮರೆತು ಬಂದುಬಿಡ್ತೀನಿ ಎಂದಿದ್ದ. ಇವನು ತರಲಿಲ್ಲ. ನಿಜ ಹೇಳಬೇಕೆಂದರೆ, ಆಗ ಅವನಿಗೆ ಹಗುರವಾಗಿತ್ತು.

ತಟ್ಟೆಯಲ್ಲಿ ಅನ್ನ ತಣ್ಣಗಾಗಿತ್ತು. ಅವನು ಪೆನ್ನು ಎತ್ತಿಕೊಂಡು ಬರೆದ: ನಮ್ಮ ತಂದೆಯವರು ಮೂವತ್ತೆರಡು ವರ್ಷ ಶಿಕ್ಷಣ ಕ್ಷೇತ್ರದಲ್ಲಿ ಸೇವೆ ಸಲ್ಲಿಸಿದರು, ಸಂಸ್ಥೆಯ ಸಮಯಪಾಲನೆಯ ಹೊಣೆ ಅವರದಾಗಿತ್ತು. ಇನ್ನೊಮ್ಮೆ ಓದಿದ. ಒಂದು ಪದವೂ ಸುಳ್ಳಲ್ಲ. ಇಪ್ಪತ್ತಾರು ವರ್ಷ ಟಿಪ್ಪಣಿ ಬರೆದ ಕೈ, ಸುಮ್ಮನೆ ಹೋಗುತ್ತದೆಯೇ? ಅಂಥ ಸಂಕಟದಲ್ಲೂ ಆ ವಾಕ್ಯದ ಅಚ್ಚುಕಟ್ಟಿಗೆ ಅವನಿಗೆ ಸ್ವಲ್ಪ ಖುಷಿಯಾಯಿತು.

ಮರುದಿನ ಸಂಜೆ ರಿಪೇರಿಯವನು ಅವನು ಕೇಳುವ ಮೊದಲೇ ವಾಚನ್ನು ಹೊರಗೆ ತೆಗೆದು, ತೆಳ್ಳನೆಯ ಚೂರಿಯಿಂದ ಹಿಂದಿನ ಮುಚ್ಚಳ ಎಬ್ಬಿಸಿ, ಕೊಳ್ಳುವ ಮೊದಲು ಒಳಗೆ ನೋಡಬೇಕು ಎಂದ. ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಕೆತ್ತಿದ ಹಾಗೆ ಸಣ್ಣ ಸಣ್ಣ ಗೀಚು. ಭೂತಗನ್ನಡಿ ಕೊಟ್ಟು ಓದಿಸಿದ. ತಾರೀಖುಗಳು, ಪಕ್ಕದಲ್ಲಿ ಒಂದೊಂದು ಗುರುತು. ವಾಚು ಬಿಚ್ಚಿ ತೊಳೆದು ಎಣ್ಣೆ ಬಿಟ್ಟವರು ತಮ್ಮ ಗುರುತು ಹೀಗೆ ಹಾಕುತ್ತಾರೆ, ಅದು ಈ ಕಸುಬಿನ ಪದ್ಧತಿ ಎಂದು ವಿವರಿಸಿದ. ಒಟ್ಟು ಐದು ಜನರ ಗುರುತಿತ್ತು. ಇದು ನನ್ನ ಗುರುವಿನದು ಎಂದು ಒಂದನ್ನು ಉಗುರಿನಿಂದ ತೋರಿಸಿದ. ಕೊಕ್ಕೆಯ ಹಾಗೆ ಬಾಗಿದ ಒಂದು ಗೆರೆ. ಇವನ ಕಣ್ಣು ಕೊನೆಯ ತಾರೀಖಿನ ಮೇಲೆ ನಿಂತಿತು. ಅಪ್ಪ ತೀರಿಕೊಂಡು ಎಂಟು ವರ್ಷವಾದ ಮೇಲಿನದು. ಡೈರೆಕ್ಟರು ವಾಚು ಕೈಗೆ ಸಿಕ್ಕರೆ ಮುಚ್ಚಳ ಬಿಚ್ಚದೆ ಬಿಡುವವರಲ್ಲ, ಅವರ ಕೀಲಿಗೊಂಚಲಲ್ಲೇ ಅಂಥದ್ದೊಂದು ಚೂರಿ ನೇತಾಡುತ್ತಿತ್ತು. ಈ ಕೊನೆಯದನ್ನು ಉಜ್ಜಿ ತೆಗೆಯಿರಿ, ಅದಕ್ಕೆ ಬೇರೆ ದುಡ್ಡು ಕೊಡುತ್ತೇನೆ ಎಂದ.

ರಿಪೇರಿಯವನ ಮುಖ ಬಿಗಿದುಕೊಂಡಿತು. ವಾಚು ಹೇಗೆ ಬೇಕೋ ಹಾಗೆ ಮಾಡಿಕೊಡುತ್ತೇನೆ, ಇನ್ನೊಬ್ಬನ ಕೈಗುರುತು ಅಳಿಸಿದರೆ ನಾನು ಈ ಮಣೆಯ ಮೇಲೆ ಕೂರುವ ಯೋಗ್ಯತೆ ಕಳೆದುಕೊಳ್ಳುತ್ತೇನೆ, ಬೇಡವಾದರೆ ಬಿಡಿ ಎಂದ. ಇವನು ಬೆವತು, ಕರವಸ್ತ್ರ ಹುಡುಕಿ, ನಿಜದ ಅಂಚಿಗೆ ಬಂದ. ಅಪ್ಪ ಅಷ್ಟರಲ್ಲಿ ಹೋಗಿದ್ದರು, ತಾರೀಖು ಹೊಂದುವುದಿಲ್ಲ ಎಂದ. ರಿಪೇರಿಯವನಿಗೆ ಇಷ್ಟೇನಾ ಎನ್ನಿಸಿರಬೇಕು, ಮುಖ ಸಡಿಲವಾಯಿತು.

"ಅಪ್ಪ ಹೋದ ಮೇಲೆ ಅಪ್ಪನ ವಾಚನ್ನ ಮಗ ರಿಪೇರಿ ಮಾಡ್ಸಲ್ವಾ ಸ್ವಾಮಿ? ಒಳ್ಳೆ ಮಗ ಆದ್ರೆ ಮಾಡ್ಸೇ ಮಾಡಿಸ್ತಾನೆ."

ಅಷ್ಟು ಸುಲಭದ ಉಪಾಯ ಅವನಿಗೆ ಹೊಳೆದೇ ಇರಲಿಲ್ಲ. ಕಳ್ಳತನಕ್ಕೆ ಬೇಕಾದ ಎಲ್ಲ ದಾರಿ ಯೋಚಿಸಿದ್ದ. ಒಳ್ಳೆಯ ಮಗನಾಗುವ ದಾರಿಯನ್ನು ಮಾತ್ರ ಯೋಚಿಸಿರಲಿಲ್ಲ. ರಿಪೇರಿಯವನು ಅಷ್ಟರಲ್ಲಿ ಒಳಗಿನ ಯಾವುದೋ ಚಕ್ರವನ್ನು ಚಿಮಟದಿಂದ ಮೆಲ್ಲಗೆ ಮುಟ್ಟಿದ, ಒಂದು ಹನಿ ಎಣ್ಣೆ ಬಿಟ್ಟ, ವಾಚು ಎದ್ದು ಉಸಿರಾಡತೊಡಗಿತು. ತಾತ್ಕಾಲಿಕ, ಪೂರ್ತಿ ತೊಳೆಯಬೇಕು ಎನ್ನುತ್ತಾ ಇವನ ಕಿವಿಗೆ ಹಿಡಿದ. ಇವನು ಕೇಳಿದ. ಸಣ್ಣ ಸದ್ದು, ಅವಸರವೇ ಇಲ್ಲ. ಇದನ್ನು ಅಪ್ಪನ ಬಲಗಿವಿಗೆ ಹಿಡಿದಿದ್ದರೆ ಹೇಗೆ ನಗುತ್ತಿದ್ದ ಎಂದು ಅನ್ನಿಸಿತು. ಇದು ಅಪ್ಪನದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ನಿಜವಾಗಿ, ಡೈರೆಕ್ಟರು ಯಂತ್ರ ಎಲ್ಲ ಮರೆತು, ಆಸೆಯಾಯಿತು. ಆ ಒಂದು ಆಸೆಯ ಮೇಲೆ ದುಡ್ಡು ಎಣಿಸಿಕೊಟ್ಟ. ರಿಪೇರಿ ಎಲ್ಲ ಮುಗಿದು ವಾಚು ಕೈಗೆ ಬರಲು ಇನ್ನೂ ಒಂಬತ್ತು ದಿನ ಹಿಡಿಯಿತು. ಕೊನೆಯಲ್ಲಿ ರಿಪೇರಿಯವನು ತನ್ನ ಗುರುತನ್ನೂ ಒಳಗೆ ಕೆತ್ತಿ, ಈಗ ಆರು ಜನ ಎಂದ.

ಒಂದನೇ ತಾರೀಖು ಬೆಳಿಗ್ಗೆ ಒಂಬತ್ತೂವರೆಗೇ ಡೈರೆಕ್ಟರು ಅವನನ್ನು ಚೇಂಬರಿಗೆ ಕರೆಸಿ, ಬಾಗಿಲು ಹಾಕಿಸಿ, ವಾಚನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಎಲ್ಲ ಅವನು ಹೆದರಿದ ಹಾಗೇ ಆಯಿತು. ತಿರುಗಿಸಿ ನೋಡಿದರು, ಮೂಸಿ ನೋಡಿದರು, ಕೀಲಿಗೊಂಚಲ ಚೂರಿಯಿಂದ ಮುಚ್ಚಳ ಎಬ್ಬಿಸಿ ತಾರೀಖು ಓದಿದರು. ತಂದೆಯವರು ಯಾವಾಗ ಹೋದರು ಎಂದು ಕೇಳಿದರು. ಅವನು ಹೇಳಿದ. ಡೈರೆಕ್ಟರು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರೆ ಇವನು ಕಾಲಬೆರಳಿನಿಂದ ಕಾರ್ಪೆಟ್ಟು ಹಿಸುಕುತ್ತಿದ್ದ. ಲೆಕ್ಕ ಮುಗಿದ ಮೇಲೆ ಅವರ ಕಣ್ಣಿನಲ್ಲಿ ನೀರೇ ಬಂತು. ತಂದೆ ಹೋಗಿ ಎಂಟು ವರ್ಷಕ್ಕೂ ಸರ್ವಿಸ್ ಮಾಡಿಸಿದ್ದೀರಿ, ಈಗ ಮತ್ತೆ ಮಾಡಿಸಿದ್ದೀರಿ, ಇಂಥ ಮಕ್ಕಳು ಈಗೆಲ್ಲಿದ್ದಾರೆ ಎಂದರು. ಕವಚದ ಈ ಸವೆತ ನೋಡಿ, ಇದು ಒಬ್ಬನೇ ಮನುಷ್ಯನ ಕೈಯಲ್ಲಿ ನಲವತ್ತು ವರ್ಷ ಇದ್ದರೆ ಮಾತ್ರ ಬರುವಂಥದ್ದು, ನನ್ನ ಕಣ್ಣಿಗೆ ಮೋಸ ಮಾಡಲಾಗದು ಎಂದರು. ಆಮೇಲೆ ದನಿ ತಗ್ಗಿಸಿ, ಮಂಗಳವಾರಕ್ಕೆ ನನ್ನ ಹತ್ತಿರ ಒಳ್ಳೆಯದಿಲ್ಲ, ಕೊಡುತ್ತೀರಾ, ನೀವು ಹೇಳಿದ್ದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಕೇಳಿದರು. ಯೋಚಿಸಿ ಹೇಳುತ್ತೇನೆ ಸಾರ್ ಎಂದು ಇವನು ಬೆವರು ಒರೆಸಿಕೊಂಡ.

ಹತ್ತು ಗಂಟೆಗೆ ಇಡೀ ಕಚೇರಿ ಕಾರಿಡಾರಿನಲ್ಲಿ ಸೇರಿತ್ತು. ಕೆಂಪು ಗೆರೆ ತಿಂದವರೆಲ್ಲ ಮುಂದಿನ ಸಾಲಿನಲ್ಲೇ ಇದ್ದರು. ಟೈಪಿಸ್ಟ್ ಅಂದು ಒಂಬತ್ತು ಮುಕ್ಕಾಲಿಗೇ ಬಂದಿದ್ದಳು. ಗೋಡೆಯ ಮೇಲೆ ಯಂತ್ರ, ಯಂತ್ರಕ್ಕೆ ರಿಬ್ಬನ್ನು, ಯಂತ್ರದ ಪಕ್ಕ ಹತ್ತೂಕಾಲು. ಡೈರೆಕ್ಟರು ವಾಚನ್ನು ಇನ್ನೂ ವಾಪಸು ಕೊಟ್ಟಿರಲಿಲ್ಲ, ಅದನ್ನು ಎತ್ತಿ ಹಿಡಿದು ಮಾತು ಶುರುಮಾಡಿದರು. ನಾಲ್ಕು ಸಾಲಿನ ಕಾಗದ ಅವರ ಬಾಯಿಗೆ ಸಾಲಲಿಲ್ಲ. ಶಿಕ್ಷಣ ಕ್ಷೇತ್ರ ಎಂದದ್ದು ಶಿಕ್ಷಣತಜ್ಞ ಎಂದಾಯಿತು, ತಜ್ಞ ಎಂದ ಮೇಲೆ ಒಂದು ಸಂಸ್ಥೆಯನ್ನೇ ಕಟ್ಟಿದವರಾದರು. ಅವನು ನೆಲ ನೋಡುತ್ತಾ ಅದನ್ನೆಲ್ಲ ನುಂಗಿಕೊಂಡ, ನುಂಗುವುದಕ್ಕೆ ಅಷ್ಟೇನೂ ಕಷ್ಟವಾಗಲಿಲ್ಲ. ಆಗ ಡೈರೆಕ್ಟರು ದನಿ ಏರಿಸಿ ಹೇಳಿದರು, ಆ ಮಹನೀಯರು ತಮ್ಮ ಜೀವನದಲ್ಲಿ ಒಂದೇ ಒಂದು ನಿಮಿಷವನ್ನೂ ಮರೆತವರಲ್ಲ.

ಅವನು ತಲೆ ಎತ್ತಿದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಅಪ್ಪನ ಬಗ್ಗೆ ಆ ನಿಜವನ್ನು ನಾಲ್ಕು ಜನರ ಮುಂದೆ ಯಾರೂ ಯಾವತ್ತೂ ಹೇಳಿರಲಿಲ್ಲ, ಹೇಳಬೇಕಾಗಿದ್ದವನು ತಾನು, ಈಗ ಹೇಳಿದವರು ಇವರು, ಅದೂ ಅಂಗಡಿಯಲ್ಲಿ ಕೊಂಡ ಇನ್ಯಾರದೋ ಅಪ್ಪನಿಗೆ. ಒಳಗೆ ಏನೋ ಕಿತ್ತುಕೊಂಡು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಚಪ್ಪಾಳೆ ನಿಲ್ಲುವುದಕ್ಕೂ ಅವನ ದನಿ ಹೊರಡುವುದಕ್ಕೂ ಸರಿಹೋಯಿತು.

"ಸಾರ್, ಅದು ನಮ್ಮಪ್ಪನ ವಾಚಲ್ಲ. ನಾನೇ ಅಂಗಡೀಲಿ ಕೊಂಡಿದ್ದು, ಹೋದ ತಿಂಗಳು. ನಮ್ಮಪ್ಪ ಸ್ಕೂಲಲ್ಲಿ ಜವಾನ ಸಾರ್, ಗಂಟೆ ಹೊಡೀತಿದ್ದರು. ವಾಚು ಕಟ್ಟಿದೋರೇ ಅಲ್ಲ." ಉಸಿರು ತೆಗೆದುಕೊಂಡ. "ಆದ್ರೆ ಮರೆವು ಇರ್ಲಿಲ್ಲ ಅವರಿಗೆ. ನೀವಂದಿದ್ದು ಅದೊಂದು ನಿಜ. ಮರೆವು ಅಂತ ನಾನು ಸುಳ್ಳು ಹೇಳಿದ್ದೆ."

ಇನ್ನು ಏನಾದರೂ ಆಗಲಿ, ನೌಕರಿ ಹೋದರೆ ಹೋಗಲಿ, ಎಲ್ಲರೂ ಕ್ಯಾಕರಿಸಿ ಉಗಿಯಲಿ ಎಂದು ಅವನು ಕಾದು ನಿಂತ. ಎದೆ ಹಗುರವಾಗಿತ್ತು. ಡೈರೆಕ್ಟರು ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ ಅವರ ಮುಖ ನಿಧಾನಕ್ಕೆ ಅರಳಿತು, ಹೊಟ್ಟೆ ಕುಲುಕತೊಡಗಿತು, ಜನರ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಬೆಳಿಗ್ಗೆ ತಾವು ಈ ವಾಚನ್ನು ಕೇಳಿದ್ದಾಗಿಯೂ, ಕೊಡಲಾರೆ ಎನ್ನಲು ಬಾಯಿ ಬರದೆ ಈ ಸಾಧುಮನುಷ್ಯ ಎಂಥ ಕತೆ ಕಟ್ಟಿದ್ದಾನೆ ನೋಡಿ ಎಂದೂ ಹೇಳಿದರು. ಅಪ್ಪನ ವಾಚು ಉಳಿಸಿಕೊಳ್ಳುವುದಕ್ಕೆ ಅಪ್ಪನನ್ನೇ ಜವಾನ ಮಾಡಿಬಿಟ್ಟರಲ್ಲ ಎಂದು ಇನ್ನಷ್ಟು ನಕ್ಕರು. ಮೊದಲು ಇಂಜಿನಿಯರುಗಳು ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಟೈಪಿಸ್ಟ್ ಕೂಡ. ಇಲ್ಲ ಸಾರ್, ನಿಜವಾಗಿಯೂ ಎಂದು ಅವನು ಇನ್ನೊಂದು ಸಲ ಹೇಳಿದ, ಅದಕ್ಕೆ ನಗು ಇನ್ನೂ ಜೋರಾಯಿತು. ಡೈರೆಕ್ಟರು ಅವನ ಹೆಗಲ ಮೇಲೆ ಕೈ ಹಾಕಿದರು.

"ಹೆದರಬೇಡ್ರೀ, ನಾನು ಕೇಳಲ್ಲ. ಎಷ್ಟು ಕೊಟ್ರೂ ಅಪ್ಪನ್ನ ಯಾರಾದ್ರೂ ಮಾರ್ತಾರಾ?"

ಅವನ ತುಟಿಯೂ ಅಗಲವಾಯಿತು. ಅಳು ಬರುತ್ತಿದೆ ಎಂದುಕೊಂಡಿದ್ದ, ಬಂದದ್ದು ನಗು. ಎಲ್ಲರ ಜೊತೆ ಅವನೂ ನಕ್ಕ. ಡೈರೆಕ್ಟರು ಅವನ ಎಡಗೈ ಹಿಡಿದು, ಅಂಗಿಯ ತೋಳು ತಾವೇ ಹಿಂದಕ್ಕೆ ಸರಿಸಿ, ವಾಚನ್ನು ಅವನ ಮಣಿಕಟ್ಟಿಗೆ ಸುತ್ತಿ ಕೊಕ್ಕೆ ಹಾಕಿದರು. ಬಿಗಿಯಾಯಿತೇ ಎಂದು ಕೇಳಿದರು.

ಇಲ್ಲ ಸಾರ್, ಸರಿಯಾಗಿದೆ ಎಂದ.